ಎಡಗಡೆ ಪುಟ ನನ್ನದು

ಆ ಗುರುವಾರ ನಾನು ನಿಂಬೆಹಣ್ಣು ಆರಿಸುತ್ತಿದ್ದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ನಾನು ಅಕ್ಕನ ಮೇಲೆ ಏನೇನು ದೂರು ಹೇಳಿದರೂ, ಅವತ್ತು ರಸೆಲ್ ಮಾರುಕಟ್ಟೆಯಲ್ಲಿ ಒಂದೊಂದು ನಿಂಬೆಹಣ್ಣನ್ನೂ ಹಿಚುಕಿ, ಮೂಸಿ, ವಾಪಸ್ ಇಟ್ಟು, ಮತ್ತೆ ಅದನ್ನೇ ಎತ್ತಿಕೊಂಡು ಕಾಲು ಗಂಟೆ ಕಳೆದವಳು ನಾನೇ. ಪ್ರತಿ ಗುರುವಾರ ಹತ್ತು ಗಂಟೆಗೆ ಮಾರುಕಟ್ಟೆಯ ಗಡಿಯಾರದ ಕೆಳಗೆ ನಾವಿಬ್ಬರೂ ಸೇರುತ್ತಿದ್ದೆವು. ಅಕ್ಕ ಕಲ್ಯಾಣ ನಗರದಿಂದ, ನಾನು ಹಲಸೂರಿನಿಂದ. ಮೇಲಿನ ಗಡಿಯಾರ ನಡೆಯುತ್ತಿದೆಯೋ ಇಲ್ಲವೋ ಅಂತ ನಾವು ಯಾವತ್ತೂ ತಲೆಯೆತ್ತಿ ನೋಡಿದವರಲ್ಲ. ಅಕ್ಕ ಬಂದಳು ಅಂದರೆ ಹತ್ತು ಗಂಟೆ. ಒಳಗೆ ಹೋದಮೇಲೆ ಅವಳು ಹಣ್ಣು ಮತ್ತು ಹೂವಿನ ಕಡೆ, ನಾನು ತರಕಾರಿ ಕಡೆ. ಹಣ್ಣಿನವರ ಹತ್ತಿರ, ಹೂವಿನವರ ಹತ್ತಿರ ಮಾತು ಜಾಸ್ತಿ ಬೇಕಾಗುತ್ತದೆ, ಅದು ಅವಳ ಖಾತೆ. ನಿಂಬೆಹಣ್ಣಿನ ಹತ್ತಿರ ಮಾತು ಬೇಕಾಗಿಲ್ಲ.

ಅಕ್ಕ ವಾಪಸ್ ಬಂದಾಗ ಅವಳ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಯಾರನ್ನೋ ಮಾತಾಡಿಸಿಕೊಂಡು ಬಂದಿದ್ದಾಳೆ ಅಂತ. ಚಿಕ್ಕವಳಿದ್ದಾಗಿನಿಂದಲೂ ಅವಳಿಗೆ ಆ ಮುಖ ಉಂಟು. ತುಟಿ ಮುಚ್ಚಿರುತ್ತದೆ, ಕೆನ್ನೆ ಮಾತ್ರ ನಗುತ್ತಿರುತ್ತದೆ.

"ಯಾರು ಸಿಕ್ಕಿದ್ರು ಹೇಳು ನೋಡೋಣ."

"ಯಾರು?"

"ನಿನ್ನ ಮಾವ."

"ನನಗೆ ಈ ವಯಸ್ಸಲ್ಲಿ ಎಲ್ಲಿಂದ ಬಂದ ಮಾವ?"

"ಮಂಗಳವಾರದ ಮಾವ ಕಣೇ! ಸಪೋಟ ತಗೋತಿದ್ರು. ಅದೇ ಮೂಗು, ಅದೇ ಕಿವಿ. ಕೂದಲು ಮಾತ್ರ ಇಲ್ಲ."

ನನ್ನ ಕೈಯಲ್ಲಿದ್ದ ನಿಂಬೆಹಣ್ಣು ಕೆಳಗೆ ಬಿತ್ತು. ನಾನು ಹಣ್ಣಿನ ಸಾಲಿನ ಕಡೆ ಓಡಿದೆ. ಓಡಿದೆ ಅಂದರೆ ನನ್ನ ಮಂಡಿ ಎಷ್ಟು ಓಡುತ್ತದೋ ಅಷ್ಟು. ಅಲ್ಲಿ ಸಪೋಟ ಇತ್ತು, ಮಾವ ಇರಲಿಲ್ಲ. ಇಪ್ಪತ್ತು ಹೆಜ್ಜೆ ದೂರದಲ್ಲಿ, ನಾನು ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ನೋಡಬೇಕು ಅಂದುಕೊಂಡಿದ್ದ ಟಿವಿ ನಟ ನಿಂತು, ಹಣ್ಣು ಆರಿಸಿ, ನನ್ನ ಅಕ್ಕನ ಜೊತೆ ಮಾತಾಡಿ, ಆಟೋ ಹತ್ತಿ ಹೋಗಿದ್ದರು. ನಾನು ತಿರುಗಿ ಬಂದು ಅಕ್ಕನಿಗೆ, "ನನ್ನ ಕರೀಬಾರ್ದಾಗಿತ್ತಾ?" ಅಂದೆ.

"ಕರೆದಿದ್ರೆ ಏನು ಮಾಡ್ತಿದ್ದೆ? ಕಂಬದ ಥರ ನಿಂತ್ಕೋತಿದ್ದೆ. ನಿನಗೂ ಆಟೋಗ್ರಾಫ್ ಬರೆಸ್ಕೊಂಡಿದ್ದೀನಿ ಮಾರಾಯ್ತಿ. ಈ ಸಲ ನಿನ್ನ ಹೆಸರೇ ಬರೆಸಿದ್ದೀನಿ. ಒಂದೊಂದು ಅಕ್ಷರ ಹೇಳಿ ಹೇಳಿ ಬರೆಸಿದ್ದೀನಿ, ನೋಡ್ತೀಯಾ?" ಅಂತ ಚೀಲಕ್ಕೆ ಕೈ ಹಾಕಿದಳು.

"ನನಗೇನೂ ಬೇಡ. ಎರಡೂ ನೀನೇ ಇಟ್ಕೋ. ಯಾವಾಗ್ಲೂ ಹಂಗೇ ತಾನೇ."

ಅಕ್ಕ ಚೀಲದಿಂದ ಕೈ ಹೊರಗೆ ತೆಗೆದು ನಕ್ಕಳು. "ಸರಿ, ಭಾನುವಾರ ಮನೆಗೆ ಬಾ. ಅಷ್ಟೊತ್ತಿಗೆ ಬೇಕು ಅನ್ಸತ್ತೆ ನಿನಗೆ." ನಾನು ನೆಟ್ಟಗೆ ಶಿವಾಜಿನಗರದ ಬಸ್ ನಿಲ್ದಾಣಕ್ಕೆ ಬಂದು ಹಲಸೂರಿನ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಕೂತರೂ ಹೊರಗೆ ನೋಡಲಿಲ್ಲ, ಅವಳು ಕೈ ಬೀಸುತ್ತಿರುತ್ತಾಳೆ ಅಂತ ಗೊತ್ತಿತ್ತು. ಶನಿವಾರ ಬೆಳಿಗ್ಗೆ ಅಕ್ಕನ ಸೊಸೆ ಸುಧಾ ಫೋನ್ ಮಾಡಿದಳು. ಕಾಫಿ ಕುಡಿದು ಲೋಟ ಕೆಳಗಿಟ್ಟ ಅಕ್ಕ ಕುರ್ಚಿಯಲ್ಲಿ ಹಾಗೇ ಒರಗಿದಳಂತೆ, ಮತ್ತೆ ಏಳಲಿಲ್ಲ. ಭಾನುವಾರ ನಾನು ಅವಳ ಮನೆಯಲ್ಲೇ ಇದ್ದೆ. ಅವಳು ಹೇಳಿದ ಹಾಗೇ ಆಯಿತು, ಅಷ್ಟೊತ್ತಿಗೆ ನನಗೆ ಅದು ಬೇಕು ಅನ್ನಿಸಿತ್ತು. ಕೇಳುವುದಕ್ಕೆ ಅವಳು ಇರಲಿಲ್ಲ.

ನನ್ನ ಅಕ್ಕನ ಹೆಸರು ವಿಮಲಾ. ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ನಾವಿಬ್ಬರೂ ಹಲಸೂರಿನಲ್ಲಿ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೆವು. ಅವಳು ಅಳತೆ ತೆಗೆದುಕೊಳ್ಳುವುದು, ಬಟ್ಟೆ ಕತ್ತರಿಸುವುದು, ಗಿರಾಕಿಗಳ ಜೊತೆ ಅವರವರ ಭಾಷೆಯಲ್ಲಿ ಮಾತಾಡುವುದು. ನಾನು ಮಿಷನ್ ತುಳಿಯುವುದು, ಹುಕ್ ಹಚ್ಚುವುದು, ಫಾಲ್ ಹಾಕುವುದು. ಬ್ಲೌಸ್ ಚೆನ್ನಾಗಿ ಬಂದರೆ, "ವಿಮಲಾ ಕೈ ಅಂದ್ರೆ ಕೈ" ಅನ್ನುತ್ತಿದ್ದರು. ಹುಕ್ ಕಿತ್ತುಬಂದರೆ, "ನಿಮ್ಮ ತಂಗಿಗೆ ಸ್ವಲ್ಪ ಹೇಳಿ" ಅನ್ನುತ್ತಿದ್ದರು. ನಾನು ಮಿಷನ್ನಿನ ಹಿಂದೆ ಕೂತು ಎರಡನ್ನೂ ಕೇಳಿಸಿಕೊಳ್ಳುತ್ತಿದ್ದೆ. ಹೊಟ್ಟೆಕಿಚ್ಚು ಅನ್ನುವುದು ದೊಡ್ಡ ದೊಡ್ಡ ಜನರ ಕಾಯಿಲೆ ಅಂತ ಕೆಲವರು ಭಾವಿಸಿದ್ದಾರೆ. ಹಾಗೇನಿಲ್ಲ. ಆರು ಹುಕ್ಕಿನ ಬ್ಲೌಸಿನಲ್ಲೂ ಅದು ಧಾರಾಳವಾಗಿ ಹಿಡಿಸುತ್ತದೆ.

ನಮಗಿದ್ದ ಒಂದೇ ಚಟ ಟಿವಿ ನಟರ ಆಟೋಗ್ರಾಫ್. ಒಂದೇ ಚಾನೆಲ್ ಇದ್ದ ಕಾಲ ಅದು. ಸಿನಿಮಾದವರ ಹಿಂದೆ ಊರೇ ಓಡುತ್ತಿತ್ತು, ಟಿವಿಯವರ ಹಿಂದೆ ಅಷ್ಟು ನೂಕುನುಗ್ಗಲು ಇರಲಿಲ್ಲ. ವಾರಕ್ಕೊಂದು ಸಲ ಬರುವ ಧಾರಾವಾಹಿಗಳು, ಅದರಲ್ಲಿ ಬರುವವರ ನಿಜವಾದ ಹೆಸರು ಕೊನೆಯಲ್ಲಿ ಓಡಿ ಹೋಗುತ್ತಿತ್ತು. ಓದುವಷ್ಟರಲ್ಲಿ ಅಮ್ಮ ಟಿವಿ ಆರಿಸುತ್ತಿದ್ದಳು. ಆದ್ದರಿಂದ ನಾವೇ ಹೆಸರಿಟ್ಟೆವು. ಶುಕ್ರವಾರದ ಅತ್ತೆ. ಭಾನುವಾರದ ರಾಕ್ಷಸ. ಬುಧವಾರದ ಡಾಕ್ಟರು. ಮಂಗಳವಾರದ ಮಾವ. ಮುಂದೆ ಕೇಬಲ್ ಬಂದು ಎಲ್ಲ ಧಾರಾವಾಹಿಗಳೂ ದಿನಾ ಬರಲು ಶುರುವಾದಾಗ ನಮ್ಮ ಹೆಸರಿಡುವ ಪದ್ಧತಿಯೇ ಬಿದ್ದುಹೋಯಿತು. "ಸೋಮವಾರದಿಂದ ಶುಕ್ರವಾರದವರೆಗಿನ ಸೊಸೆ" ಅಂತ ಯಾರನ್ನಾದರೂ ಕರೆಯುವುದಕ್ಕೆ ಆಗುತ್ತದೆಯೇ? ಆಮೇಲೆ ನಾವು ಆಟೋಗ್ರಾಫ್ ಕೇಳುವುದನ್ನೂ ಬಿಟ್ಟೆವು.

ಪುಸ್ತಕದ ವಿಷಯ ಹೇಳಬೇಕು. ಇಬ್ಬರಿಗೂ ಒಂದೊಂದು ಆಟೋಗ್ರಾಫ್ ಪುಸ್ತಕ ಬೇಕು ಅಂತ ಕೇಳಿದ್ದಕ್ಕೆ ಅಮ್ಮ ಒಂದೇ ತಂದಳು. "ಎರಡು ಮಕ್ಕಳಿಗೆ ಒಂದೇ ದಿಂಬು ಸಾಕಾಗಿದೆ, ಪುಸ್ತಕ ಸಾಕಾಗಲ್ವಾ?" ಅಂದಳು. ಅಕ್ಕ ಆ ಕ್ಷಣವೇ ಕಾನೂನು ಮಾಡಿದಳು. ಬಲಗಡೆ ಪುಟ ಅವಳದು, ಎಡಗಡೆ ಪುಟ ನನ್ನದು. ಪುಸ್ತಕ ಇಟ್ಟುಕೊಳ್ಳುವುದು ಅವಳು, ಮಸಿ ಪೆನ್ನು ಇಟ್ಟುಕೊಳ್ಳುವುದು ನಾನು. ಕೇಳಿದರೆ ನ್ಯಾಯವಾಗಿಯೇ ಇದೆ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿ ಒಪ್ಪಿಕೊಂಡೆ. ಆಮೇಲೆ ಪುಸ್ತಕ ತೆರೆದು ನೋಡಿದರೆ ಮೊದಲನೆಯ ಎಡಗಡೆ ಪುಟ ಅಂದರೆ ಪುಟವೇ ಅಲ್ಲ, ರಟ್ಟು. ಅಂಗಡಿಯವನ ಮೊಹರು ಬೇರೆ ಬಿದ್ದಿತ್ತು ಅದರ ಮೇಲೆ. ಅದೊಂದೇ ಅಲ್ಲ. ಕಾಗದ ತೆಳುವಾಗಿತ್ತು. ಅಕ್ಕನ ಪುಟದಲ್ಲಿ ಬರೆದ ಮಸಿ ಹಿಂದುಗಡೆ ಇಳಿದು, ಅದೇ ಹಾಳೆಯ ಬೆನ್ನಿಗಿದ್ದ ನನ್ನ ಪುಟದಲ್ಲಿ ತಿರುಗುಮುರುಗಾಗಿ ಕಾಣುತ್ತಿತ್ತು. ನನ್ನ ಪುಟದಲ್ಲಿ ಇನ್ನೂ ಯಾರೂ ಏನೂ ಬರೆಯುವುದಕ್ಕೆ ಮುಂಚೆಯೇ ಅಲ್ಲಿ ವಿಮಲಾ ಇರುತ್ತಿದ್ದಳು.

ಮೊದಲ ಆಟೋಗ್ರಾಫ್ ಶುಕ್ರವಾರದ ಅತ್ತೆಯದು. ಕುಕ್ ಟೌನಿನ ಹಳೇ ಬಂಗಲೆಯೊಂದರಲ್ಲಿ ಚಿತ್ರೀಕರಣ ನಡೆಯುತ್ತಿತ್ತು. ಸೀರೆಗೆ ಅರ್ಜೆಂಟಾಗಿ ಫಾಲ್ ಹಾಕಬೇಕು ಅಂತ ನಮ್ಮನ್ನು ಕರೆಸಿದ್ದರು. ನಾನು ಹಿಂದಿನ ವರಾಂಡದಲ್ಲಿ ಕೂತು ಫಾಲ್ ಹಾಕಿದೆ. ಅಷ್ಟರಲ್ಲಿ ಅಕ್ಕ ಮುಂದಿನ ವರಾಂಡದಲ್ಲಿ ಅತ್ತೆಯ ಜೊತೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ಟಿವಿಯಲ್ಲಿ ಸೊಸೆಯ ಕೈಗೆ ಬಿಸಿ ಸೌಟು ತಾಗಿಸುವ ಆ ಹೆಂಗಸು ನಿಜದಲ್ಲಿ ಬಹಳ ಮೆದು. ಪೆನ್ನು ನಾನು ಕೊಟ್ಟೆ. ಮಸಿ ಬರುತ್ತದೋ ಇಲ್ಲವೋ ನೋಡೋಣ ಅಂತ ಅವರು ಮೊದಲು ಎಡಗಡೆ ರಟ್ಟಿನ ಮೇಲೆ ಮೂರು ಸುತ್ತು ಗೀಚಿದರು. ಮಸಿ ಬಂತು. ಆಮೇಲೆ ಬಲಗಡೆ, "ಮುದ್ದು ವಿಮಲಾಗೆ, ನನ್ನ ಸೊಸೆಯಾಗಿ ಬರ್ತೀಯಾ? ಸೌಟು ಮುಟ್ಟಿಸಲ್ಲ" ಅಂತ ಬರೆದು ದೊಡ್ಡದಾಗಿ ಸಹಿ ಹಾಕಿದರು. ಅಷ್ಟರಲ್ಲಿ ಅವರನ್ನು ಒಳಗೆ ಕರೆದರು. ನನಗೆ ಸಿಕ್ಕಿದ್ದು ಮೂರು ಸುತ್ತು.

"ಅವರ ಕೈಯಿಂದಾನೇ ಬಂದಿದ್ದು ತಾನೇ? ಅದೂ ಆಟೋಗ್ರಾಫೇ," ಅಂದಳು ಅಕ್ಕ ದಾರಿಯಲ್ಲಿ.

"ಹಂಗಾದ್ರೆ ಅದನ್ನ ನೀನು ತಗೋ."

"ಕಾನೂನು ಅಂದ್ರೆ ಕಾನೂನು ಕಣೇ, ಪುಟ್ಟಿ."

ಭಾನುವಾರದ ರಾಕ್ಷಸ ಇಂದಿರಾನಗರದಲ್ಲಿ ಒಂದು ಬಟ್ಟೆ ಅಂಗಡಿಯ ಉದ್ಘಾಟನೆಗೆ ಬಂದಿದ್ದ. ಟಿವಿಯಲ್ಲಿ ಗದೆ ಹಿಡಿದು ಮೋಡದ ಮಧ್ಯೆ ನಿಲ್ಲುವವನು ನನ್ನ ಭುಜಕ್ಕೆ ಬರುತ್ತಿದ್ದ. ಅಕ್ಕ ಶಿವಾಜಿನಗರದಲ್ಲಿ ಕಲಿತ ಉರ್ದುವಿನಲ್ಲಿ ಅವನನ್ನು ನಗಿಸಿಬಿಟ್ಟಳು. ಅವಳ ಪುಟದಲ್ಲಿ ನಾಲ್ಕು ಸಾಲು ಹಿಂದಿ. ನನ್ನ ಪುಟಕ್ಕೆ ಬಂದಾಗ ತಲೆಯೆತ್ತಿ, "ಯೇ ಕೌನ್?" ಅಂದ. "ಮೇರಿ ಬೆಹನ್," ಅಂದಳು ಅಕ್ಕ. ಅವನು "ವಿಮಲಾ ಕೀ ಬೆಹನ್ ಕೋ" ಅಂತ ಬರೆದ. ಅಲ್ಲಿಂದ ಶುರುವಾಗಿದ್ದು ನೋಡಿ. ಬುಧವಾರದ ಡಾಕ್ಟರು "ವಿಮಲಾಳ ತಂಗಿಗೆ" ಅಂತ ಬರೆದರು. ಶನಿವಾರದ ಕಳ್ಳ "ಸಿಸ್ಟರ್ ಆಫ್ ವಿಮಲಾ" ಅಂತ ಬರೆದ. ಪ್ರತಿ ಸಲ ನಾನು ಮನೆಯಿಂದ ಹೊರಡುವಾಗಲೇ, ಇವತ್ತು ನನ್ನ ಹೆಸರು ನಾನೇ ಹೇಳುತ್ತೇನೆ ಅಂತ ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಅವರೆದುರು ನಿಂತಾಗ ಪೆನ್ನಿನ ಮುಚ್ಚಳ ತೆಗೆಯುವುದರಲ್ಲೇ ನನ್ನ ಧೈರ್ಯವೆಲ್ಲ ಖರ್ಚಾಗುತ್ತಿತ್ತು.

ಕೊನೆಯವರು ಟಿವಿಯಲ್ಲಿ ವಾರ್ತೆ ಓದುತ್ತಿದ್ದವರು. ಹಲಸೂರು ಕೆರೆಯ ದಂಡೆಯ ಮೇಲೆ ವಾಕಿಂಗ್ ಬಂದಿದ್ದರು. ಇವರು ನಟರಲ್ಲ, ಪುಸ್ತಕದಲ್ಲಿ ಸೇರಿಸಬಾರದು ಅಂತ ನಾನು ವಾದ ಮಾಡಿದೆ. ಅಕ್ಕ, "ಪ್ರವಾಹ ಆದ್ರೂ ಅದೇ ಮುಖ, ಕ್ರಿಕೆಟ್ ಗೆದ್ರೂ ಅದೇ ಮುಖ. ಅದಕ್ಕಿಂತ ಆಕ್ಟಿಂಗ್ ಬೇಕಾ ನಿನಗೆ?" ಅಂದಳು. ಒಟ್ಟು ಹದಿನೇಳು ಜನ. ಅಕ್ಕನ ಹದಿನೇಳು ಪುಟದಲ್ಲೂ ವಿಮಲಾ. ನನ್ನ ಹದಿನೇಳರಲ್ಲಿ ಮೂರು ಸುತ್ತು ಒಂದು ಸಲ, ಬರೀ ಸಹಿ ಐದು ಸಲ, ವಿಮಲಾಳ ತಂಗಿ ಹನ್ನೊಂದು ಸಲ. ನನ್ನ ಹೆಸರು ಒಂದು ಸಲವೂ ಇಲ್ಲ.

ಇಷ್ಟು ಜನರಲ್ಲಿ ನನಗೆ ನಿಜವಾಗಿ ಬೇಕಾಗಿದ್ದವರು ಒಬ್ಬರೇ, ಮಂಗಳವಾರದ ಮಾವ. ಆ ಧಾರಾವಾಹಿಯಲ್ಲಿ ಮನೆಯವರೆಲ್ಲ ಕೂಗಾಡುತ್ತಿರುತ್ತಾರೆ. ಮಾವ ಮಾತ್ರ ಜಗಲಿಯಲ್ಲಿ ಕೂತು ಹರಿದ ಛತ್ರಿ ಹೊಲಿಯುತ್ತಿರುತ್ತಾರೆ. ಒಂದು ಕಂತಿನಲ್ಲಿ ಎರಡು ಮಾತು ಆಡಿದರೆ ಹೆಚ್ಚು. ಅವರನ್ನು ನೋಡಿದಾಗ, ಮಾತಾಡದವರನ್ನೂ ಜನ ಟಿವಿಯಲ್ಲಿ ತೋರಿಸುತ್ತಾರಲ್ಲ ಅಂತ ನನಗೆ ಸಮಾಧಾನವಾಗುತ್ತಿತ್ತು. ಹೊಲಿಗೆಯೂ ಒಪ್ಪವಾಗಿ ಹಾಕುತ್ತಿದ್ದರು, ನಾನು ಗಮನಿಸಿದ್ದೇನೆ. ಮಂಗಳವಾರ ಅಂಗಡಿಯನ್ನು ಬೇಗ ಮುಚ್ಚಿಸುತ್ತಿದ್ದೆ. ಅಕ್ಕನಿಗೆ ಅವರೆಂದರೆ ಆಕಳಿಕೆ. "ಆ ಛತ್ರಿ ಮುಗಿಯೋ ಅಷ್ಟೊತ್ತಿಗೆ ಮಳೆಗಾಲನೇ ಮುಗಿಯತ್ತೆ" ಅನ್ನುತ್ತಿದ್ದಳು. ಅವರು ಎಲ್ಲಿದ್ದಾರೋ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಪುಸ್ತಕಕ್ಕೆ ಅವರು ಸಿಗಲೇ ಇಲ್ಲ. ಕೊನೆಗೆ ಸಿಕ್ಕಿದ್ದು ಯಾರಿಗೆ? ಅವರನ್ನು ನೋಡಿ ಆಕಳಿಸುತ್ತಿದ್ದವಳಿಗೆ.

ಅಕ್ಕ ಹೋದ ದಿನ ಕಲ್ಯಾಣ ನಗರದ ಮನೆಯ ತುಂಬ ಜನ. ಅಲ್ಲೂ ನನ್ನ ಹೊಟ್ಟೆಕಿಚ್ಚು ಸುಮ್ಮನಿರಲಿಲ್ಲ. ಬಂದವರೆಲ್ಲ ಅಕ್ಕನ ಒಂದೊಂದು ಮಾತು ಹೇಳಿ ಅಳುತ್ತಿದ್ದರು. ಎದುರು ಮನೆಯವರಿಗೆ ಅವಳು ಮಾಡಿಕೊಟ್ಟ ಉಪ್ಪಿನಕಾಯಿ, ಕೆಳಗಿನ ಮನೆಯವರ ಮಗಳಿಗೆ ಹೊಲಿದುಕೊಟ್ಟ ಲಂಗ. ಆ ಕಥೆಗಳಲ್ಲಿ ಎಲ್ಲೂ ನಾನಿರಲಿಲ್ಲ. ನನಗೇ ಗೊತ್ತಿಲ್ಲದ ನನ್ನ ಅಕ್ಕ ಇಷ್ಟು ಜನರ ಹತ್ತಿರ ಇದ್ದಳೇ ಅನ್ನಿಸಿತು. ಲಂಗದ ಕಥೆ ಹೇಳಿದವರ ಹತ್ತಿರ, "ಅದರ ಹುಕ್ ಹಚ್ಚಿದ್ದು ನಾನು" ಅಂತ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ನನಗೆ ಎಲ್ಲರೆದುರು ಕೂತು ಅಳುವುದಕ್ಕೆ ಸಂಕೋಚ. ಎದ್ದು ಅಡುಗೆಮನೆಗೆ ಹೋದೆ. ಪಾತ್ರೆ ತೊಳೆದೆ, ಕಟ್ಟೆ ಒರೆಸಿದೆ, ಹಣ್ಣುಗಳನ್ನು ಬುಟ್ಟಿಗೆ ಹಾಕಿದೆ, ಕಸ ಕಟ್ಟಿ ಹೊರಗಿಟ್ಟೆ. ಸುಧಾ ಬಂದು ನೋಡಿ, "ಚಿಕ್ಕಮ್ಮ, ನೀವು ಇಲ್ಲದಿದ್ರೆ ಇವತ್ತು ಈ ಮನೆ ಏನಾಗ್ತಿತ್ತೋ" ಅಂದಳು. ಆ ಒಂದು ಮಾತು ನನಗೆ ಬಹಳ ಹಿತವಾಯಿತು. ಅದನ್ನು ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕಾರ್ಯವೆಲ್ಲ ಮುಗಿದ ಮೇಲೆ ಸುಧಾ ಪುಸ್ತಕ ತಂದು ನನ್ನ ಕೈಗೆ ಕೊಟ್ಟಳು. "ಇದು ನಿಮಗೇ ಸೇರಬೇಕು ಚಿಕ್ಕಮ್ಮ. ಒಂದೇ ಒಂದು ಪುಟ ಮಾತ್ರ ನನಗೆ ಕೊಡ್ತೀರಾ? ಆ ಸೌಟಿನ ಅತ್ತೆಯವರದು. ಫ್ರೇಮ್ ಹಾಕಿಸಿ ಅತ್ತೆ ಫೋಟೋ ಪಕ್ಕ ಇಡ್ತೀನಿ."

ಒಳ್ಳೆಯ ಹುಡುಗಿ. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಾನು ಪುಟ ತಿರುವಿ ತೋರಿಸಿದೆ. "ಕೊಡಬಹುದಿತ್ತಮ್ಮ. ಆದ್ರೆ ಅದರ ಹಿಂದೆ ನಂದು ಇದೆ."

ಹಿಂದೆ ಇದ್ದದ್ದು "ವಿಮಲಾ ಕೀ ಬೆಹನ್ ಕೋ." ಸುಧಾ ಅದನ್ನು ಓದಿದಳು, ನನ್ನ ಮುಖ ನೋಡಿದಳು. ಈ ಪುಸ್ತಕವನ್ನು ಪಾಲು ಮಾಡುವುದಕ್ಕೆ ಬರುವುದೇ ಇಲ್ಲ. ಅವಳ ಪ್ರತಿ ಪುಟದ ಬೆನ್ನಿಗೆ ನನ್ನ ಪುಟ ಇದೆ. ಯಾವುದನ್ನು ಹರಿದರೂ ಇಬ್ಬರದೂ ಹರಿಯುತ್ತದೆ. ಕಾನೂನು ಮಾಡುವಾಗ ಅಕ್ಕ ಇದನ್ನು ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಆಮೇಲೆ ನಾನು ನಿಜವಾದ ವಿಷಯಕ್ಕೆ ಬಂದೆ. ಗುರುವಾರ ಅಕ್ಕ ನನ್ನ ಹೆಸರಿಗೆ ಬರೆಸಿಕೊಂಡು ಬಂದದ್ದು ಎಲ್ಲಿದೆ? ಸುಧಾಗೆ ಗೊತ್ತಿರಲಿಲ್ಲ. ಇಬ್ಬರೂ ಹುಡುಕಿದೆವು. ಅವಳ ಚೀಲ, ಬೀರು, ದಿಂಬಿನ ಚೀಲ, ಬ್ಲೌಸ್ ಕತ್ತರಿಸುವ ಪೇಪರಿನ ಕಟ್ಟು, ಗುಂಡಿ ಡಬ್ಬಿ, ಗೋಡೆಯ ಮೇಲಿನ ಬುದ್ಧನ ಪಟದ ಹಿಂದೆ. ಪಟದ ಹಿಂದೆ ಅಕ್ಕ ಬಚ್ಚಿಟ್ಟಿದ್ದ ಮಿಠಾಯಿ ಸಿಕ್ಕಿತು, ಸಕ್ಕರೆ ಕಾಯಿಲೆಯವಳು. ಚೀಟಿ ಸಿಗಲಿಲ್ಲ. ಮೂರು ಸಲ ಹೋಗಿ ಹುಡುಕಿದೆ. ಮೂರನೇ ಸಲ ಸುಧಾ ಮೆಲ್ಲಗೆ, "ಚಿಕ್ಕಮ್ಮ, ಅತ್ತೆ ನಿಮ್ಮನ್ನ ರೇಗ್ಸೋಕೆ ಹಂಗೆ ಹೇಳಿರ್ತಾರೆ ಬಿಡಿ. ಅವರ ಮಾತು ನಿಮಗೆ ಗೊತ್ತಲ್ವಾ?" ಅಂದಳು.

ಗೊತ್ತಿತ್ತು. ಅಕ್ಕನಿಗೆ ಸುಳ್ಳು ಹೇಳುವುದು ಅಂದರೆ ಸಾರಿಗೆ ಒಗ್ಗರಣೆ ಹಾಕಿದ ಹಾಗೆ, ಸ್ವಲ್ಪ ಇರಲೇಬೇಕು. ಅವಳು ಮಾವನನ್ನು ನೋಡಿದ್ದೇ ಸುಳ್ಳಾದರೆ? ನೋಡಿದ್ದು ನಿಜ, ನನ್ನ ಹೆಸರು ಬರೆಸಿದ್ದು ಸುಳ್ಳಾದರೆ? ಈ ಪ್ರಶ್ನೆ ನನ್ನನ್ನು ಮಿಷನ್ನಿನ ಮುಂದೆ ಕೂರಲು ಬಿಡಲಿಲ್ಲ. ಅಕ್ಕ ಹೋದ ದುಃಖ ಒಂದು ಕಡೆ ಇರಲಿ, ಅದಕ್ಕೆ ನಾನು ಏನೂ ಮಾಡುವ ಹಾಗಿಲ್ಲ. ಇದಕ್ಕೆ ಮಾಡಬಹುದಿತ್ತು. ಒಂದು ಗುರುವಾರ ಒಬ್ಬಳೇ ಮಾರುಕಟ್ಟೆಗೆ ಹೋದೆ. ಹಣ್ಣಿನ ಅಂಗಡಿಯ ಭಾಯ್ ನನ್ನನ್ನು ನೋಡಿ, "ಅಮ್ಮಾ, ದೊಡ್ಡಮ್ಮ ಎಲ್ಲಿ? ನಾಲ್ಕು ಗುರುವಾರ ಆಯ್ತು, ಬಂದೇ ಇಲ್ಲ" ಅಂದರು. ಹೇಳಿದೆ. ಅವರು ತಕ್ಕಡಿ ಕೆಳಗಿಟ್ಟರು. ನೋಡಿ, ಇಷ್ಟು ವರ್ಷದಿಂದ ನಾನೂ ಅದೇ ಮಾರುಕಟ್ಟೆಗೆ ಬರುತ್ತಿದ್ದೇನೆ. ನಾನು ಹೋದರೆ ನಿಂಬೆಹಣ್ಣಿನವನು ತಕ್ಕಡಿ ಕೆಳಗಿಡುತ್ತಾನೆಯೇ ಅಂತ ಆ ಹೊತ್ತಿನಲ್ಲೂ ಯೋಚಿಸಿದೆ.

ಆಮೇಲೆ ಮಾವನ ವಿಷಯ ಕೇಳಿದೆ. ಭಾಯ್, "ಆ ಟಿವಿ ಸಾಹೇಬ್ರಾ? ಗೊತ್ತಲ್ಲ. ಕುಕ್ ಟೌನ್ ಮನೆ. ಕಾಲು ನೋವು ಇದ್ರೆ ನಾವೇ ಹಣ್ಣು ಕಳಿಸ್ತೀವಿ" ಅಂತ ದಾರಿ ಹೇಳಿದರು. ಅಂದರೆ ಮಾವ ಇಷ್ಟು ವರ್ಷ ನಮ್ಮ ಮೊದಲ ಆಟೋಗ್ರಾಫಿನ ಬಂಗಲೆಗೆ ಎರಡು ರಸ್ತೆ ಆಚೆ ಇದ್ದರು.

ಮಾರನೇ ದಿನವೇ ಹೋದೆ. ಒಳ್ಳೆಯ ಸೀರೆ ಉಟ್ಟೆ. ಪುಸ್ತಕವನ್ನು ಟವಲ್‌ನಲ್ಲಿ ಸುತ್ತಿ, ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅದನ್ನು ಚೀಲದಲ್ಲಿಟ್ಟು ಎದೆಗೊತ್ತಿ ಹಿಡಿದುಕೊಂಡೆ. ಪುಸ್ತಕ ಹೊರುವುದು ನನಗೆ ಹೊಸತು. ಬೇರೊಂದು ಹಳೇ ಬಂಗಲೆಯ ಹಿಂದಿನ ಸಣ್ಣ ಮನೆ. ಮಾವ ಜಗಲಿಯಲ್ಲೇ ಕೂತಿದ್ದರು. ಛತ್ರಿ ಮಾತ್ರ ಇರಲಿಲ್ಲ. ನಾನು ಬಾಯಿ ತೆರೆಯುವ ಮುಂಚೆಯೇ, "ಬನ್ನಿ ಬನ್ನಿ, ಕೂತ್ಕೊಳ್ಳಿ, ಹುಷಾರು, ಆ ಕುರ್ಚಿ ಕಾಲು ಅಲ್ಲಾಡತ್ತೆ, ಈ ಕಡೆ ಕೂತ್ಕೊಳ್ಳಿ" ಅಂತ ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಮಂಡಿನೋವು, ಬೀದಿನಾಯಿ, ಪಕ್ಕದವರ ಕಟ್ಟಡದ ಧೂಳು. ನಾನು ಇಷ್ಟು ವರ್ಷ ಯಾರ ಮೌನವನ್ನು ಮೆಚ್ಚಿಕೊಂಡಿದ್ದೆನೋ ಅವರು ಅಕ್ಕನನ್ನೂ ಮೀರಿಸುವ ಮಾತುಗಾರ. ಧಾರಾವಾಹಿಯಲ್ಲಿ ಯಾಕೆ ಅಷ್ಟು ಕಡಿಮೆ ಮಾತಾಡುತ್ತಿದ್ದಿರಿ ಅಂತ ಕೇಳಿದೆ.

"ಅಯ್ಯೋ, ನನಗೆ ಡೈಲಾಗ್ ನೆನಪಿರ್ತಿರ್ಲಿಲ್ಲಮ್ಮ! ಒಂದು ಮಾತಿಗೆ ಹತ್ತು ಟೇಕ್. ಡೈರೆಕ್ಟರ್ ಸುಸ್ತಾಗಿ, ಒಂದು ಹರಿದ ಛತ್ರಿ ತಂದು ನನ್ನ ಕೈಗೆ ಕೊಟ್ಟು, ಇದನ್ನ ಹೊಲೀತಾ ಕೂತಿರಿ ಸಾರ್, ಬಾಯಿ ಮಾತ್ರ ತೆಗೀಬೇಡಿ ಅಂದ್ರು."

ನಗುವಿನ ಮಧ್ಯೆಯೇ ನಾನು ಕೇಳಿದೆ. ಮಾರುಕಟ್ಟೆಯಲ್ಲಿ ಒಬ್ಬರು ಹೆಂಗಸು, ಸಪೋಟ ಅಂಗಡಿ, ಆಟೋಗ್ರಾಫ್.

"ಆ ಜೋರು ಮಾತಿನ ಅಮ್ಮ! ಮರೀತೀನಾ? ನನಗೆ ಮಾತಾಡೋಕೇ ಬಿಡ್ಲಿಲ್ಲ. ಎರಡು ಬೇಕು ಅಂದ್ರು. ಪೇಪರ್ ಇಲ್ಲ, ಪೆನ್ ಇಲ್ಲ. ಹಣ್ಣಿನವರ ಹತ್ರ ಮಾರ್ಕರ್ ಇಸ್ಕೊಂಡು, ಸಪೋಟ ಹಾಕಿದ್ದ ಕಂದು ಕಾಗದದ ಕವರ್ ಮೇಲೇ ಬರೀರಿ ಅಂದ್ರು. ಒಂದು ಕಡೆ ಅವರದು, ಇನ್ನೊಂದು ಕಡೆ ತಂಗಿದು. ತಂಗಿ ಹೆಸರು ಒಂದೊಂದೇ ಅಕ್ಷರ ಹೇಳಿ ಬರೆಸಿದ್ರು. ಒತ್ತು ಬಿಟ್ಟಿದ್ದಕ್ಕೆ ಬೈದು ತಿದ್ದಿಸಿದ್ರು."

ಅವರು ಮಾತು ಮುಂದುವರಿಸಿದರು. "ತಂಗಿ ಅಲ್ಲೇ ನಿಂಬೆಹಣ್ಣಿನ ಹತ್ರ ಇದಾಳೆ ಅಂದ್ರು. ಕರೀರಿ ಅಂದೆ. ಬೇಡ ಸಾರ್, ಬಂದ್ರೆ ಪೆನ್ನು ಹಿಡ್ಕೊಂಡು ನಿಂತ್ಕೋತಾಳೆ ಅಷ್ಟೇ, ಹೆಸರು ಹೇಳಲ್ಲ. ಮತ್ತೆ ನೀವು ನನ್ನ ಹೆಸರೇ ಬರೀತೀರಿ. ಇದೊಂದು ಅವಳ ಹೆಸರಲ್ಲೇ ಆಗ್ಲಿ ಅಂದ್ರು. ಅವಳು ಹುಕ್ ಹಚ್ಚಿದ್ರೆ ಬಟ್ಟೆ ಹರಿಯತ್ತೆ ಹೊರತು ಹುಕ್ ಬರಲ್ಲ ಅಂದ್ರು. ಅದನ್ನ ನನಗ್ಯಾಕೆ ಹೇಳಿದ್ರೋ!"

ಕಂದು ಕಾಗದದ ಕವರ್. ಅಕ್ಕನ ಅಡುಗೆಮನೆಯ ಕಟ್ಟೆ ನನ್ನ ಕಣ್ಣ ಮುಂದೆ ಬಂತು. ಅವತ್ತು ಹಣ್ಣುಗಳನ್ನು ಬುಟ್ಟಿಗೆ ಹಾಕಿದೆ ಅಂತ ಹೇಳಿದೆನಲ್ಲ, ಅದರಲ್ಲಿ ಸಪೋಟ ಇತ್ತು. ಕವರಿನ ಮೇಲೆ ಏನೋ ದಪ್ಪಗೆ ಕಪ್ಪಗೆ ಇದ್ದ ನೆನಪು. ಅಂಗಡಿಯವರು ರೇಟು ಬರೆದಿರುತ್ತಾರೆ ಅಂದುಕೊಂಡಿದ್ದೆನೋ, ಏನೂ ಅಂದುಕೊಂಡಿರಲಿಲ್ಲವೋ ಗೊತ್ತಿಲ್ಲ. ಕಣ್ಣು ಮಂಜಾಗಿತ್ತು. ಆ ದಿನ ಆ ಅಡುಗೆಮನೆ ಒಪ್ಪ ಮಾಡಿದವಳು ನಾನೊಬ್ಬಳೇ. ಮೂರು ಸಲ ಸುಧಾಳ ಮನೆ ಜಾಲಾಡಿದ್ದೆ. ಇವಳೇ ಎಲ್ಲೋ ಎತ್ತಿಟ್ಟುಕೊಂಡಿರಬಹುದು ಅಂತ ಒಳಗೊಳಗೇ ಅಂದುಕೊಂಡೂ ಇದ್ದೆ.

ಮಾವನಿಗೆ ನನ್ನ ಮುಖ ನೋಡಿ ಏನನ್ನಿಸಿತೋ. "ನೀವೇನಾ ಆ ತಂಗಿ? ಅವರು ಚೆನ್ನಾಗಿದಾರಾ?" ಅಂದರು. ಇಲ್ಲ ಅಂತ ಹೇಳಿದೆ. ಅವರ ಮಾತು ಅಲ್ಲಿಗೆ ನಿಂತಿತು. ಆಗ ಮಾತ್ರ ಸ್ವಲ್ಪ ಹೊತ್ತು ಅವರು ನನ್ನ ಮಂಗಳವಾರದ ಮಾವನ ಹಾಗೆ ಇದ್ದರು. ಆಮೇಲೆ, "ಪುಸ್ತಕ ಏನಾದ್ರೂ ತಂದಿದ್ದೀರಾ? ಕೊಡಿ. ಇನ್ನೊಂದು ಸಲ ಬರೆದ್ರಾಯ್ತು" ಅಂದರು.

ಚೀಲ ತೆಗೆದೆ, ಪ್ಲಾಸ್ಟಿಕ್ ಬಿಚ್ಚಿದೆ, ಟವಲ್ ಬಿಚ್ಚಿದೆ. ಪುಸ್ತಕ ಕೊಟ್ಟೆ. ಅವರು ಮತ್ತೆ ಕೈ ಚಾಚಿದರು. ನಾನು ಅವರ ಕೈಯನ್ನೇ ನೋಡಿದೆ. ಪೆನ್ನು ತಂದಿರಲಿಲ್ಲ. ನನ್ನ ಜೀವಮಾನದಲ್ಲಿ ನನಗಿದ್ದ ಒಂದೇ ಜವಾಬ್ದಾರಿ ಪೆನ್ನು. ಹದಿನೇಳು ಸಲದಲ್ಲಿ ಒಂದು ಸಲವೂ ಮರೆತವಳಲ್ಲ. ಅಕ್ಕನ ಕೆಲಸ ಸರಿಯಾಗಿ ಮಾಡಬೇಕು ಅಂತ ಹೋಗಿ ನನ್ನ ಕೆಲಸ ಬಿಟ್ಟುಬಂದಿದ್ದೆ. ಅಕ್ಕ ಇದ್ದಿದ್ದರೆ ಇದನ್ನು ಒಂದು ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು.

ಮಾವ ಒಳಗೆ ಹೋಗಿ ಮಾತ್ರೆ ಡಬ್ಬಿಯಿಂದ ಒಂದು ಬಾಲ್ ಪೆನ್ನು ತಂದರು. ಬಲಗಡೆ ಪುಟದ ಮೇಲೆ ಕೈಯಿಟ್ಟರು.

"ಅದು ಅಕ್ಕನದು," ಅಂದೆ. "ನಂದು ಎಡಗಡೆ."

ಅವರು ಎಡಗಡೆ ಕೈಯಿಟ್ಟರು. ಆ ಪುಟದಲ್ಲಿ, ಹಿಂದಿನ ಮಗ್ಗುಲಿನ ಮಸಿ ಇಳಿದು, ವಾರ್ತೆಯವರು ಬರೆದ ವಿಮಲಾ ಮಸುಕಾಗಿ ಕಾಣುತ್ತಿದ್ದಳು. ಅವರು ಕನ್ನಡಕ ಸರಿ ಮಾಡಿಕೊಂಡು ತಲೆಯೆತ್ತಿ, "ಹೇಳಿ, ಹೆಸರು ಸರಿಯಾಗಿ ಹೇಳಿ. ಅವತ್ತಿನ ಹಾಗೆ ಒತ್ತು ಬಿಟ್ಟುಹೋಗ್ಬಾರ್ದು" ಅಂದರು.

ನಲವತ್ತು ವರ್ಷದಲ್ಲಿ ಮೊದಲ ಸಲ ಒಬ್ಬ ನಟ ನನ್ನನ್ನೇ ನೋಡಿ ನನ್ನ ಹೆಸರು ಕೇಳಿದ್ದರು. ಅದೂ ಯಾರು, ಮಂಗಳವಾರದ ಮಾವ. ಪಕ್ಕದಲ್ಲಿ ನನಗಿಂತ ಮೊದಲು ಬಾಯಿ ಹಾಕುವವರು ಯಾರೂ ಇರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿದೆ.

"ನಾನು ವಿಮಲಾ ಅವರ ತಂಗಿ."

ಅವರು 'ವಿಮಲಾ ಅವರ ತಂಗಿಗೆ' ಅಂತ ಬರೆದು ಸಹಿ ಹಾಕಿದರು. ಬಾಯಿಗೆ ರೂಢಿಯಾಗಿದ್ದು ಬಂದುಬಿಟ್ಟಿತು. ತಿದ್ದಿಸಬಹುದಿತ್ತು. ಅಕ್ಕ ಆಗಿದ್ದರೆ ಬೈದು ತಿದ್ದಿಸುತ್ತಿದ್ದಳು. ನನಗೆ ಆಗಲಿಲ್ಲ. "ಈ ಕಡೆ ಪುಟಕ್ಕೂ ಹಾಕ್ಲಾ?" ಅಂತ ಕೇಳಿದರು. ಬೇಡ ಅಂದೆ.

ಬಸ್ಸಿನಲ್ಲಿ ಪುಸ್ತಕ ತೆರೆದು ನೋಡಿದೆ. ನನ್ನ ಪುಟದಲ್ಲಿ ಮಾವನ ಸಹಿ, ಅದರ ಎದುರಿಗೆ ಅಕ್ಕನ ಪುಟ ಖಾಲಿ. ಈ ಪುಸ್ತಕದಲ್ಲಿ ನನಗೆ ಸಿಕ್ಕಿ ಅವಳಿಗೆ ಸಿಗದೇ ಇರುವುದು ಇದೊಂದೇ. ನನಗೆ ಬೇಕಾಗಿದ್ದವರದೇ ಸಿಕ್ಕಿದೆ, ಅಕ್ಕನಿಗಿಲ್ಲ. ಎದ್ದು ಕುಣಿಯಬೇಕಾದಷ್ಟು ಸಂತೋಷ ಆಗಬೇಕಾಗಿತ್ತು. ಇಳಿಯುವ ನಿಲ್ದಾಣ ಬರುವವರೆಗೂ ಕಾದೆ, ಆಗಲಿಲ್ಲ.

ಮರುದಿನ ಸುಧಾಗೆ ಫೋನ್ ಮಾಡಿ ಕವರಿನ ವಿಷಯ ಹೇಳಿದೆ, ಅಡುಗೆಮನೆಯಲ್ಲಿ ಇನ್ನೊಂದು ಸಲ ನೋಡಮ್ಮ ಅಂದೆ. ಕಸ ಕಟ್ಟಿ ಹೊರಗಿಟ್ಟವಳು ನಾನು ಅಂತ ಅವಳಿಗೆ ನೆನಪಿರುತ್ತದೆ. ಆದರೂ ಅವಳು ಅದನ್ನು ಹೇಳಲಿಲ್ಲ, "ನೋಡ್ತೀನಿ ಚಿಕ್ಕಮ್ಮ" ಅಂದಳು. ಕವರುಗಳನ್ನೆಲ್ಲ ಮಡಚಿಡುವ ಡಬ್ಬಿ ನೋಡಿದ್ದಾಳೆ, ಫ್ರಿಜ್ಜಿನ ಹಿಂದೆ ನೋಡಿದ್ದಾಳೆ. ಸಪೋಟ ಬಣ್ಣದ ಕವರು, ಒಂದು ಕಡೆ ಅಕ್ಕನ ಹೆಸರು, ಇನ್ನೊಂದು ಕಡೆ ನನ್ನದು, ಒತ್ತು ತಿದ್ದಿರುತ್ತದೆ.

ಅದು ಇನ್ನೂ ಸಿಕ್ಕಿಲ್ಲ.